ಮನೆ ಕಟ್ಟುವ ಕೈಗಳಿಗೆ ವಿದ್ಯುತ್ ಉಳಿತಾಯದ ಪಾಠ: ತರಬೇತಿ ನಡೆಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆಯ ಕಡೆ ಹೊಸ ಮನೆ ಕಟ್ಟಿಸುವವರು ನಕ್ಷೆಗಿಂತ ಹೆಚ್ಚಾಗಿ ಮೇಸ್ತ್ರಿಯ ಮಾತನ್ನು ನಂಬುತ್ತಾರೆ. ಕಿಟಕಿ ಯಾವ ಗೋಡೆಗೆ ಬರಬೇಕು, ತಾರಸಿಯ ಮೇಲೆ ಶೀಟು ಬೇಕೇ, ಬಾವಿಗೆ ಎಷ್ಟು ಎಚ್‌ಪಿಯ ಪಂಪು ಸಾಕು ಎಂಬುದೆಲ್ಲ ಕೆಲಸದ ನಡುವೆ ಚಹಾ ಕುಡಿಯುವ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ. ಅದರ ಫಲವನ್ನು ಮನೆಯವರು ಹತ್ತಾರು ವರ್ಷ ಸೆಕೆಯಲ್ಲಿಯೂ ಕರೆಂಟು ಬಿಲ್ಲಿನಲ್ಲಿಯೂ ಅನುಭವಿಸುತ್ತಾರೆ. ಆದ್ದರಿಂದ ವಿದ್ಯುತ್ ಉಳಿತಾಯದ ಸಲಹೆ ಮನೆಮನೆಗೆ ತಲುಪಬೇಕಾದರೆ ಮೇಸ್ತ್ರಿಗಳು, ವಯರಿಂಗ್ ಕೆಲಸದವರು, ಪ್ಲಂಬರುಗಳು ಮತ್ತು ಸಣ್ಣ ಗುತ್ತಿಗೆದಾರರು ಅದನ್ನು ಮೊದಲು ಕಲಿಯಬೇಕು. ಪಂಚಾಯತು, ವಾಚನಾಲಯ, ಕಾರ್ಮಿಕ ಸಂಘ ಅಥವಾ ತಾಂತ್ರಿಕ ಶಾಲೆ ಇಂಥ ತರಬೇತಿಯನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಮಯವೂ ಭಾಷೆಯೂ

ತರಬೇತಿಯನ್ನು ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಆಟಿ ತಿಂಗಳ ಮಳೆಗೆ ಕಟ್ಟಡದ ಕೆಲಸ ನಿಂತಿರುವಾಗ ಕುಳಿತು ಕಲಿಯುವ ಪಾಠ ನಡೆಯಲಿ, ಮಾರ್ಚ್‌–ಏಪ್ರಿಲಿನ ಸೆಕೆಯಲ್ಲಿ ಮನೆಗಳ ಒಳಗೇ ಪಾಠ ನಡೆಯಲಿ. ನಾನು ಭಾಗವಹಿಸಿದ ಮೊದಲ ಶಿಬಿರದಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಪರದೆಯ ಮೇಲೆ ಚಿತ್ರ ತೋರಿಸುತ್ತ ಹೋದೆವು. ಮಧ್ಯಾಹ್ನದ ಊಟದ ನಂತರ ಅರ್ಧದಷ್ಟು ಜನ ಮರಳಿ ಬರಲಿಲ್ಲ. ತಪ್ಪು ನಮ್ಮದೇ ಆಗಿತ್ತು, ಏಕೆಂದರೆ ಕೈಯಿಂದ ಕಲಿತವರಿಗೆ ಕೈಯಿಂದಲೇ ಕಲಿಸಬೇಕು. ಮಂಜೇಶ್ವರ, ಕಾಸರಗೋಡಿನ ಒಂದೇ ಕೆಲಸದ ಜಾಗದಲ್ಲಿ ತುಳು, ಕನ್ನಡ, ಮಲಯಾಳ ಮೂರೂ ಕೇಳಿಸುವುದರಿಂದ ಪಾಠದ ಭಾಷೆ ಕನ್ನಡವಾದರೂ ಅಭ್ಯಾಸದ ಮಾತುಕತೆ ಅವರವರ ನುಡಿಯಲ್ಲಿ ನಡೆಯಬೇಕು. ಒಂದು ತಂಡದಲ್ಲಿ ಹದಿನೈದು ಜನಕ್ಕಿಂತ ಹೆಚ್ಚು ಬೇಡ.

ಮೊದಲ ಪಾಠ ಮೀಟರಿನ ಮುಂದೆ

ಕರೆಂಟಿನ ಲೆಕ್ಕವನ್ನು ಹಲಗೆಯ ಮೇಲೆ ಬರೆಯುವ ಮೊದಲು ಎಲ್ಲರನ್ನೂ ಒಂದು ಮನೆಯ ಮೀಟರಿನ ಎದುರು ನಿಲ್ಲಿಸಬೇಕು. ಇಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವಿರುತ್ತದೆ. ಎಷ್ಟು ಮಿನುಗಿಗೆ ಒಂದು ಯೂನಿಟ್ ಎಂಬುದನ್ನು ಮೀಟರಿನ ಮೇಲೆಯೇ ಮುದ್ರಿಸಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳೋಣ. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು, ಒಂದು ಹಳೆಯ ಸೀಲಿಂಗ್ ಫ್ಯಾನನ್ನು ಮಾತ್ರ ಪೂರ್ಣ ವೇಗದಲ್ಲಿ ತಿರುಗಿಸಿ ಗಡಿಯಾರ ಹಿಡಿದು ಎಣಿಸಿದರೆ ಐದು ನಿಮಿಷದಲ್ಲಿ ಸುಮಾರು 20 ಮಿನುಗುಗಳು ಕಾಣಿಸುತ್ತವೆ, ಅಂದರೆ ಅದು 75 ವ್ಯಾಟಿನ ಫ್ಯಾನು. ಅದೇ ಕೋಣೆಯಲ್ಲಿ ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಮೋಟರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ತಿರುಗಿದರೆ ಐದು ನಿಮಿಷಕ್ಕೆ ಎಂಟು ಮಿನುಗು. ಈ ಎಣಿಕೆಯನ್ನು ಒಮ್ಮೆ ತಾವೇ ಮಾಡಿದ ವಯರಿಂಗ್ ಕೆಲಸಗಾರರಿಗೆ ಮತ್ತೆ ಯಾವ ಭಾಷಣವೂ ಬೇಕಾಗುವುದಿಲ್ಲ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಇನ್ವರ್ಟರು, ಸೆಟ್‌ಟಾಪ್ ಬಾಕ್ಸ್ ಮುಂತಾದವು ಕರೆಂಟು ಎಳೆಯುತ್ತಿರಬಹುದು ಅಥವಾ ವಯರಿಂಗಿನಲ್ಲಿ ದೋಷವಿರಬಹುದು. ದೋಷವನ್ನು ಹುಡುಕಿ ಸರಿಪಡಿಸುವ ಕೆಲಸ ಪರವಾನಗಿ ಇರುವ ವಯರ್‌ಮನ್‌ಗೆ ಮಾತ್ರ ಸೇರಿದ್ದು ಎಂಬುದನ್ನು ಮೇಸ್ತ್ರಿಗಳಿಗೆ ಖಂಡಿತವಾಗಿ ಹೇಳಬೇಕು.

ಇದರ ನಂತರ ಬಿಲ್ಲನ್ನು ಕೈಗೆ ಕೊಡಬೇಕು. ಕೇರಳದಲ್ಲಿ ಮನೆಗಳ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳ ಬಳಕೆ 250 ಯೂನಿಟ್ಟಿನವರೆಗೆ ಇದ್ದರೆ ಮೊದಲ ಹಂತದ ಯೂನಿಟ್ಟುಗಳಿಗೆ ಕಡಿಮೆ ದರ, ನಂತರದವಕ್ಕೆ ಹೆಚ್ಚು ದರ ಎಂಬ ಕ್ರಮದಲ್ಲಿ ಲೆಕ್ಕವಾಗುತ್ತದೆ. ಆ ಗೆರೆಯನ್ನು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ ಬೀಳುತ್ತದೆ. ಎರಡು ತಿಂಗಳಿಗೆ 520 ಯೂನಿಟ್ ಬಳಸುವ ಮನೆಯವರು 30 ಯೂನಿಟ್ ಉಳಿಸಿದರೆ ಆ ಮೂವತ್ತರ ಹಣವಷ್ಟೇ ಅಲ್ಲ, ಉಳಿದ 490ರ ದರವೂ ಇಳಿಯುತ್ತದೆ. ದಿನಕ್ಕೆ 12 ಗಂಟೆ ತಿರುಗುವ 75 ವ್ಯಾಟಿನ ಒಂದು ಫ್ಯಾನು ಅರುವತ್ತು ದಿನಗಳಲ್ಲಿ 54 ಯೂನಿಟ್ ತಿಂದರೆ 30 ವ್ಯಾಟಿನದ್ದು 22ಕ್ಕೂ ಕಡಿಮೆ ಬಳಸುತ್ತದೆ. ಒಂದೇ ಫ್ಯಾನು ಬದಲಾಯಿಸಿದರೆ ಆ ಗೆರೆಯ ಕೆಳಗೆ ಇಳಿಯಬಹುದು ಎಂಬುದನ್ನು ಶಿಬಿರಾರ್ಥಿಗಳು ತಾವೇ ಲೆಕ್ಕ ಹಾಕಿ ಕಂಡುಕೊಳ್ಳಲಿ.

ಸೆಕೆ ಎಲ್ಲಿಂದ ಬರುತ್ತದೆ?

ಇದು ಮೇಸ್ತ್ರಿಗಳ ಪಾಠ, ಹಾಗಾಗಿ ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕು. ಏಪ್ರಿಲ್ ತಿಂಗಳ ರಾತ್ರಿ ಎಂಟು ಗಂಟೆಗೆ ತಾರಸಿ ಮನೆಯ ಉಪ್ಪರಿಗೆಯಲ್ಲಿ ಒಂದು ಸ್ಟೂಲಿನ ಮೇಲೆ ನಿಂತು ಸೀಲಿಂಗಿಗೆ ಅಂಗೈ ಇಡಲು ಹೇಳಿ. ಹೊರಗೆ ಗಾಳಿ ತಂಪಾಗಿದ್ದರೂ ಕಾಂಕ್ರೀಟು ಬೆಚ್ಚಗೇ ಇರುತ್ತದೆ, ಹಗಲೆಲ್ಲ ಹೀರಿದ ಬಿಸಿಲನ್ನು ಅದು ಮಲಗುವವರ ಮೇಲೆ ಇಳಿಸುತ್ತಿರುತ್ತದೆ. ಅನಂತರ ಅದೇ ಊರಿನ ಹಂಚಿನ ಮಾಡಿನ ಹಳೆಯ ಮನೆಯ ಚಾವಡಿಯಲ್ಲಿ ಕುಳ್ಳಿರಿಸಿ. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಹೋಗುವುದೂ ಮುಂದಕ್ಕೆ ಚಾಚಿದ ಸೂರು ಗೋಡೆಗೆ ಬಿಸಿಲು ಬೀಳದಂತೆ ತಡೆಯುವುದೂ ಅವರಿಗೆ ಗೊತ್ತಿರುವ ವಿಷಯವೇ, ಆದರೆ ಅದನ್ನು ಕಾರಣಸಹಿತ ಹೇಳುವ ಅಭ್ಯಾಸ ಇರುವುದಿಲ್ಲ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ವಸತಿ ಕಟ್ಟಡಗಳ ಮಾಡಿನಿಂದ ಒಳಗಿಳಿಯುವ ಶಾಖಕ್ಕೆ ಒಂದು ಮಿತಿ ಹಾಕಿದೆ. ಮಾಡಿನ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 1.2 ವ್ಯಾಟಿಗಿಂತ ಹೆಚ್ಚು ಶಾಖ ದಾಟಬಾರದು ಎಂಬುದು ಅದರ ನಿಯಮ. ಮೇಲೆ ಏನೂ ಹೊದಿಸದ ಸಾಧಾರಣ ತಾರಸಿಯಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ದಾಟುತ್ತದೆ. ಸಂಹಿತೆ ದೊಡ್ಡ ನಿವೇಶನಗಳನ್ನು ಉದ್ದೇಶಿಸಿದ್ದಾದರೂ ಅದರ ತರ್ಕ ಹತ್ತು ಸೆಂಟ್ಸಿನ ಮನೆಗೂ ಹೊಂದುತ್ತದೆ.

ಸಲಹೆ ಯಾವಾಗಲೂ ಕಡಿಮೆ ಖರ್ಚಿನದ್ದರಿಂದ ಆರಂಭವಾಗಬೇಕು. ತಾರಸಿಗೆ ಬೇಸಿಗೆಯ ಮೊದಲು ಬಿಳಿ ಸುಣ್ಣ ಅಥವಾ ಬಿಸಿಲು ಹಿಂತಿರುಗಿಸುವ ಬಿಳಿ ಬಣ್ಣ ಬಳಿಯುವುದು ಮೊದಲನೆಯದು. ಮಳೆಯ ರಕ್ಷಣೆಗೆಂದು ಈಗ ಎಲ್ಲೆಡೆ ತಾರಸಿಯ ಮೇಲೆ ಶೀಟು ಹಾಕಿಸುತ್ತಾರೆ. ಅದರ ಅಡಿಯ ಜಾಗವನ್ನು ಎರಡು ಕಡೆಯಾದರೂ ತೆರೆದಿಟ್ಟರೆ ಗಾಳಿ ಆಡಿ ತಾರಸಿ ತಣ್ಣಗಿರುತ್ತದೆ, ಸುತ್ತಲೂ ಗೋಡೆ ಕಟ್ಟಿ ಮುಚ್ಚಿದರೆ ಕಾದ ಗಾಳಿ ಅಲ್ಲೇ ಉಳಿಯುತ್ತದೆ. ಹೊಸದಾಗಿ ಕಟ್ಟುವವರಿಗೆ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ಫಿಲ್ಲರ್ ಸ್ಲ್ಯಾಬನ್ನು ತೋರಿಸಬಹುದು. ತಾರಸಿಯ ಕೆಳಭಾಗದ ಕಾಂಕ್ರೀಟಿನ ಬದಲಿಗೆ ಅಲ್ಲಲ್ಲಿ ಹಳೆಯ ಹಂಚುಗಳನ್ನು ಇಡುವುದರಿಂದ ಸಿಮೆಂಟು, ಕಬ್ಬಿಣ ಉಳಿಯುತ್ತವೆ, ಶಾಖವೂ ಕಡಿಮೆ ಇಳಿಯುತ್ತದೆ. ಆದರೆ ಕಬ್ಬಿಣದ ಲೆಕ್ಕ ಎಂಜಿನಿಯರರದ್ದೇ ಆಗಿರಬೇಕು.

ಕರಾವಳಿಯ ಸೆಕೆಯಲ್ಲಿ ಬೆವರು ಆರಲು ಮೈಗೆ ಗಾಳಿ ತಾಗಬೇಕು. ಒಂದೇ ಗೋಡೆಯಲ್ಲಿ ದೊಡ್ಡ ಕಿಟಕಿ ಇಟ್ಟರೆ ಸಾಲದು, ಗಾಳಿ ಹೊರಹೋಗಲು ಎದುರಿನಲ್ಲಿಯೋ ಪಕ್ಕದಲ್ಲಿಯೋ ಇನ್ನೊಂದು ದಾರಿ ಬೇಕು. ಪಡುವಣ ಗೋಡೆಗೆ ನೆರಳು ಬೇಕು. ಇವೆಲ್ಲ ಪಂಚಾಂಗ, ಅಂದರೆ ಅಡಿಪಾಯ, ಹಾಕುವ ಮೊದಲೇ ಹೇಳಬೇಕಾದ ಮಾತುಗಳು. ಸಾರಣೆ ಮುಗಿದ ಮೇಲೆ ಹೇಳಿದರೆ ಮನೆಯವರಿಗೆ ಬೇಸರವಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ.

ಕೇಳುವುದನ್ನು ಕಲಿಸುವುದು

ತರಬೇತಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ ಇದು. ಶಿಬಿರಾರ್ಥಿಗಳಲ್ಲಿ ಒಬ್ಬರು ಮನೆಯೊಡತಿಯಾಗಿ, ಒಬ್ಬರು ಮೇಸ್ತ್ರಿಯಾಗಿ ಕುಳಿತು ಮಾತನಾಡಲಿ. ಮೇಸ್ತ್ರಿಯಾದವರು ಮೊದಲ ಹತ್ತು ನಿಮಿಷ ಸಲಹೆ ಕೊಡದೆ ಪ್ರಶ್ನೆಗಳನ್ನು ಮಾತ್ರ ಕೇಳಬೇಕು: “ಅಕ್ಕಾ, ಮಧ್ಯಾಹ್ನ ಯಾವ ಕೋಣೆಯಲ್ಲಿ ಇರುತ್ತೀರಿ? ರಾತ್ರಿ ಎಷ್ಟು ಫ್ಯಾನು ತಿರುಗುತ್ತವೆ? ತೋಟಕ್ಕೆ ನೀರು ಬಿಡುವ ಪಂಪು ಯಾವ ಹೊತ್ತಿನಲ್ಲಿ ಓಡುತ್ತದೆ, ಪ್ರತಿ ಸಲವೂ ನೀರು ತುಂಬಿಸಿಯೇ ಚಾಲೂ ಮಾಡಬೇಕೇ?” ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫೂಟ್‌ವಾಲ್ವ್ ಸೋರುತ್ತಿರುವ ಸಾಧ್ಯತೆ ಹೆಚ್ಚು, ಹೊಸ ಪಂಪಿನ ಅಗತ್ಯ ಇಲ್ಲದಿರಬಹುದು.

ಏಸಿ ಕೇಳುವವರಿಗೆ ಬೇಡ ಎನ್ನುವುದು ಸಲಹೆಗಾರನ ಕೆಲಸವಲ್ಲ. ಕೋಣೆಯ ಸಂದುಗಳನ್ನು ಮುಚ್ಚಿ, ಮಾಡಿನ ಬಿಸಿ ತಗ್ಗಿಸಿ, 26 ಡಿಗ್ರಿಯಲ್ಲಿಟ್ಟು ಜೊತೆಗೆ ಫ್ಯಾನು ತಿರುಗಿಸಲು ಹೇಳಿದರೆ ಸಾಕು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬ್ಯೂರೋದ ಲೆಕ್ಕ. ಸ್ಟಾರ್ ಪಟ್ಟಿ ನೋಡುವಾಗ ನಕ್ಷತ್ರಗಳ ಜೊತೆಗೆ ವರ್ಷವನ್ನೂ ನೋಡಬೇಕು, ಏಕೆಂದರೆ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಸೌರ ಫಲಕದ ಮಾತು ಇದೆಲ್ಲ ಮುಗಿದ ಮೇಲೆ ಬರಲಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ, ಆದರೂ ಬಳಕೆ ಇಳಿಸಿದ ಮೇಲೆ ಎರಡೇ ಕಿಲೋವ್ಯಾಟ್ ಸಾಕಾಗಬಹುದು.

ಅಂಗಡಿಯವರ ಕಮಿಷನ್ನಿನ ವಿಷಯವನ್ನು ಶಿಬಿರದಲ್ಲಿ ಮುಚ್ಚುಮರೆಯಿಲ್ಲದೆ ಚರ್ಚಿಸಬೇಕು. ಮಾರಾಟದಿಂದ ಲಾಭ ಬರುವ ವಸ್ತುವನ್ನು ಸೂಚಿಸುವಾಗ ಅದನ್ನು ಮನೆಯವರಿಗೆ ತಿಳಿಸುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ.

ಮನೆಗೆ ಮರಳಿ ಹೋಗುವುದು

ಪ್ರತಿಯೊಬ್ಬ ಶಿಬಿರಾರ್ಥಿಯೂ ತನಗೆ ಪರಿಚಯವಿರುವ ಎರಡು ಮನೆಗಳನ್ನು ಆರಿಸಿಕೊಂಡು, ಒಂದು ಪುಟದಲ್ಲಿ ಸಲಹೆ ಬರೆದುಕೊಡಬೇಕು: ಖರ್ಚಿಲ್ಲದ್ದು ಯಾವುದು, ಸಾವಿರ ರೂಪಾಯಿಯೊಳಗಿನದ್ದು ಯಾವುದು, ಕಾಯಬಹುದಾದದ್ದು ಯಾವುದು. ಎರಡು ಬಿಲ್ಲುಗಳು ಬಂದ ಮೇಲೆ ಮತ್ತೆ ಅಲ್ಲಿಗೆ ಹೋಗಿ ನೋಡಬೇಕು. ಹಾಗೆ ನೋಡುವಾಗ ಮಾರ್ಚ್‌–ಏಪ್ರಿಲಿನ ಬಿಲ್ಲನ್ನು ಮಳೆಗಾಲದ ಬಿಲ್ಲಿಗೆ ಹೋಲಿಸಬಾರದು. ಹಿಂದಿನ ವರ್ಷದ ಅದೇ ತಿಂಗಳುಗಳ ಯೂನಿಟ್ಟುಗಳನ್ನು ಪಕ್ಕದಲ್ಲಿ ಬರೆದು, ನಡುವೆ ಮನೆಗೆ ಬಾಣಂತಿಯೋ ಗಲ್ಫಿನಿಂದ ರಜೆಗೆ ಬಂದ ಮಗನೋ ಇದ್ದರೇ ಎಂಬುದನ್ನು ಕೇಳಿ ಅದನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು.