ಚೆಂಡಿನಿಂದ ಮೂಟೆ ಹೊತ್ತ ನಡಿಗೆಯವರೆಗೆ

ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶ ಕಲಿಯತೊಡಗಿದ ಮೊದಲ ವಾರವೇ ಕತ್ತಿ ಬೀಸುವ ವೀರನೊಬ್ಬನನ್ನು ಚಲಿಸುವಂತೆ ಮಾಡಲು ಹೊರಟಿದ್ದೆ. ಕೈಕಾಲು ಆಡುತ್ತಿದ್ದವು, ಮೈಗೆ ಮಾತ್ರ ಭಾರವಿರಲಿಲ್ಲ; ನೀರೊಳಗೆ ತೇಲುವವನಂತೆ ಕಾಣುತ್ತಿದ್ದ. ಅವನನ್ನು ಬದಿಗಿಟ್ಟು ಪುಟಿಯುವ ಚೆಂಡಿನಿಂದ ಆರಂಭಿಸಿದೆ.

ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಚಲನೆಗೆ ಎಷ್ಟು ಫ್ರೇಮ್ ಬೇಕು ಎಂಬುದು ಟೈಮಿಂಗ್. ಒಂದೊಂದು ಫ್ರೇಮಿಗೆ ಚೆಂಡು ಎಷ್ಟು ದೂರ ಸರಿಯುತ್ತದೆ ಎಂಬುದು ಸ್ಪೇಸಿಂಗ್. ಓದಿ ತಿಳಿದಿದ್ದೆ, ಕೈಗೆ ಹತ್ತಿರಲಿಲ್ಲ. ಎರಡು ಕೀಗಳ (ವಸ್ತು ಎಲ್ಲಿರಬೇಕೆಂದು ನಾವೇ ಗುರುತಿಸುವ ಫ್ರೇಮ್ಗಳ) ನಡುವೆ ತಂತ್ರಾಂಶ ತಾನಾಗಿ ನಯವಾದ ರೇಖೆ ಎಳೆಯುವುದರಿಂದ ನನ್ನ ಚೆಂಡು ಮೇಲ್ತುದಿಯಲ್ಲಿ ನಿಧಾನವಾಗುವಂತೆ ನೆಲದ ಬಳಿಯೂ ನಿಧಾನವಾಗುತ್ತಿತ್ತು. ಚಲನೆಯನ್ನು ರೇಖೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ನೆಲ ಮುಟ್ಟುವ ಕೀಯನ್ನು ಚೂಪಾಗಿಸಿ, ಮೇಲಿನದನ್ನು ದುಂಡಗೇ ಬಿಟ್ಟೆ. ಆ ಕ್ಷಣ ಚೆಂಡು ಪುಟಿಯಿತು! ಬಳಿಕ ಅದೇ ಗೋಲವನ್ನು, ಬಣ್ಣ, ಗಾತ್ರ ಯಾವುದನ್ನೂ ಬದಲಿಸದೆ, ಚಲನೆಯನ್ನಷ್ಟೇ ಬದಲಿಸಿ, ಒಮ್ಮೆ ಟೇಬಲ್ ಟೆನಿಸ್ ಚೆಂಡಾಗಿಸಿದೆ, ಇನ್ನೊಮ್ಮೆ ಕಬ್ಬಿಣದ ಗುಂಡಾಗಿಸಿದೆ. ಯಾವುದು ಯಾವುದೆಂದು ತಂಗಿ ನೋಡಿದ ಕೂಡಲೇ ಹೇಳಿದಳು. ಅಂದಿನ ಸಂತೋಷ ಇಂದಿಗೂ ಹಾಗೆಯೇ ಇದೆ.

ಮುಂದಿನ ಅಭ್ಯಾಸ ಹಿಟ್ಟಿನ ಮೂಟೆ. ಮುಖವಿಲ್ಲ, ಕೈಯಿಲ್ಲ, ನಾಲ್ಕು ಮೂಲೆಗಳಲ್ಲೇ ಬೇಸರ, ಕುತೂಹಲ ಎಲ್ಲವನ್ನೂ ತೋರಿಸಬೇಕು. ಉದ್ದಕ್ಕೆ ಎಳೆದಾಗ ಸಣ್ಣಗಾಗಬೇಕು, ಒಳಗಿನ ಹಿಟ್ಟು ಹೆಚ್ಚಾದಂತೆ ಕಾಣಬಾರದು.

ನಡಿಗೆಯೇ ನನ್ನನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿತು. ಪಾದ ಊರುವುದು, ಮೈ ತಗ್ಗುವುದು, ಕಾಲು ಕಾಲನ್ನು ದಾಟುವುದು, ಮೈ ಏರುವುದು: ಹೆಜ್ಜೆಗೆ ನಾಲ್ಕು ಭಂಗಿ, 12 ಫ್ರೇಮ್. ನಾನು ಕಾಲುಗಳನ್ನೇ ತಿದ್ದುತ್ತಿದ್ದೆ, ತಪ್ಪು ಸೊಂಟದಲ್ಲಿತ್ತು. ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಗಳನ್ನು ನೋಡುತ್ತಾ ನಿಂತಾಗ ಅದು ಹೊಳೆಯಿತು. ಗಿಡ್ಡ ಹೆಜ್ಜೆ, ಪೂರ್ತಿ ನೆಟ್ಟಗಾಗದ ಮೊಣಕಾಲು. ಒಂದು ಪಾದ ಎತ್ತುವ ಮೊದಲೇ ಸೊಂಟ ಇನ್ನೊಂದು ಪಾದದ ಮೇಲೆ ವಾಲಿರುತ್ತದೆ. ಮನೆಗೆ ಬಂದು 25 ಕಿಲೋ ಅಕ್ಕಿ ಚೀಲ ಹೊತ್ತು ತಾರಸಿಯಲ್ಲಿ ನಡೆದು, ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಫ್ರೇಮ್ ಫ್ರೇಮ್ ಎಣಿಸಿದೆ. ಸೊಂಟ ಅತ್ಯಂತ ಕೆಳಗಿಳಿಯುವುದು ಹಿಮ್ಮಡಿ ಊರಿದಾಗ ಅಲ್ಲ, ಆಮೇಲೆ ಕೆಲವು ಫ್ರೇಮ್ ಕಳೆದು, ಭಾರವೆಲ್ಲ ಆ ಕಾಲಿಗೆ ಬಿದ್ದಾಗ. ಅಂದಿನಿಂದ ಸೊಂಟಕ್ಕೆ ಮೊದಲು ಕೀ ಇಡುತ್ತೇನೆ. ಕೈಗಳನ್ನು ಕೊನೆಗೆ ಮುಟ್ಟುತ್ತೇನೆ.

ಈಗ ಮೂಟೆ ಇಳಿಸಿದ ನಂತರದ ಎರಡು ಹೆಜ್ಜೆಗಳನ್ನು ಮಾಡುತ್ತಿದ್ದೇನೆ. ಹೊರೆ ಇಳಿದರೂ ಬೆನ್ನು ಒಮ್ಮೆಲೇ ನೆಟ್ಟಗಾಗುವುದಿಲ್ಲ.