ಕಾರ್ಖಾನೆ ಪಕ್ಕದ ಹೊಲ: ನೀರು, ಮಣ್ಣು, ನಷ್ಟದ ದಾಖಲೆ ಇಡುವುದು ಹೇಗೆ

ಕಾರ್ಖಾನೆಯಿಂದ ಬಾವಿ ಕೆಟ್ಟಿದೆ ಎಂದು ರೈತರು ದೂರಿದಾಗ ಸಾಮಾನ್ಯವಾಗಿ ಸಿಗುವ ಉತ್ತರ, ‘ನಿಮ್ಮ ನೀರು ಮೊದಲಿನಿಂದಲೂ ಸವುಳೇ’ ಎಂಬುದು. ಇದಕ್ಕೆ ಎದುರುತ್ತರ ಹಳೆಯ ಪರೀಕ್ಷಾ ವರದಿ ಮಾತ್ರ. ಆದ್ದರಿಂದ ಉತ್ಪಾದನೆ ಶುರುವಾಗುವ ಮೊದಲೇ ಎರಡು ಸಲ ನೀರು ಪರೀಕ್ಷೆ ಮಾಡಿಸಿ: ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ. ಉಪ್ಪಿನಂಶ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಒಂದೇ ವರದಿ ಇದ್ದರೆ ಆಮೇಲಿನ ಕೆಡುಕನ್ನೆಲ್ಲ ಬೇಸಿಗೆಯ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು. ಕಾರ್ಖಾನೆ ಆಗಲೇ ನಡೆಯುತ್ತಿದ್ದರೆ, ಅದಕ್ಕಿಂತ ಮೇಲಿನ ಭಾಗದಲ್ಲಿ ಅದೇ ಬಗೆಯ ಮಣ್ಣು, ಹೆಚ್ಚುಕಡಿಮೆ ಅಷ್ಟೇ ಆಳ ಇರುವ ಬಾವಿಯೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಿ.

ಏನನ್ನು ಹುಡುಕಬೇಕು

ಎಲ್ಲವನ್ನೂ ಪರೀಕ್ಷಿಸಲು ಹೋದರೆ ದುಡ್ಡು ನೀರಾಗುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ), ಇಸಿ (ವಿದ್ಯುತ್ ವಾಹಕತೆ, ಅಂದರೆ ಉಪ್ಪಿನಂಶದ ಅಳತೆ), ಕ್ಲೋರೈಡ್, ಸೋಡಿಯಂ ಎಲ್ಲ ಕಡೆಗೂ ಬೇಕು. ಉಳಿದದ್ದು ಕಾರ್ಖಾನೆಯ ಜಾತಿಯ ಮೇಲೆ. ಚರ್ಮ ಹದ ಮಾಡುವಲ್ಲಿ ಕ್ರೋಮಿಯಂ, ಬ್ಯಾಟರಿ ಘಟಕದಲ್ಲಿ ಸೀಸ, ಲೋಹಕ್ಕೆ ಲೇಪನ ಕೊಡುವಲ್ಲಿ ನಿಕಲ್, ಕ್ರೋಮಿಯಂ ಮತ್ತು ಸೈನೈಡ್, ಸತು ಕರಗಿಸುವಲ್ಲಿ ಕ್ಯಾಡ್ಮಿಯಂ, ಡಿಸ್ಟಿಲರಿಯಲ್ಲಿ ಬಿಒಡಿ, ಸಿಒಡಿ (ನೀರಿನಲ್ಲಿರುವ ಕೊಳೆಗೆ ಎಷ್ಟು ಆಮ್ಲಜನಕ ಬೇಕೆಂದು ಹೇಳುವ ಅಳತೆಗಳು) ಮತ್ತು ಪೊಟ್ಯಾಸಿಯಂ, ಅಲ್ಯೂಮಿನಿಯಂ ಅಥವಾ ರಂಜಕ ಗೊಬ್ಬರದ ಘಟಕದಲ್ಲಿ ಫ್ಲೋರೈಡ್.

ನೀರು ಹಿಡಿಯುವುದು

ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲಿಯೇ. ಕೊಳವೆಬಾವಿಯ ಪೈಪಿನಲ್ಲಿ ನಿಂತ ನೀರು ಭೂಮಿಯೊಳಗಿನ ನೀರಿನ ಗುಣ ಹೇಳುವುದಿಲ್ಲ. ಕನಿಷ್ಠ 10–15 ನಿಮಿಷ ಪಂಪ್ ಓಡಿಸಿ, ಇಸಿ ಮೀಟರಿನ ಅಂಕಿ ಮೂರು ಸಲ ಒಂದೇ ಕಡೆ ನಿಂತ ಮೇಲೆ, ತೊಟ್ಟಿಗೆ ಬೀಳುವ ಮುಂಚೆಯೇ ಹಿಡಿಯಿರಿ. ತೆರೆದ ಬಾವಿಯಲ್ಲಿ ಮೇಲಿನ ಕೆನೆಯೂ ಬೇಡ, ತಳದ ಕೆಸರೂ ಬೇಡ. ಒಂದು ಅಡಿ ಕೆಳಗಿನ ನೀರು ಸಾಕು. ಹಳ್ಳದಲ್ಲಿ ತ್ಯಾಜ್ಯ ಸೇರುವ ಜಾಗಕ್ಕಿಂತ ಕೆಳಗಿನದನ್ನು ಮೊದಲು ಹಿಡಿದು ಆಮೇಲೆ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀವು ತುಳಿದು ಕದಡಿದ ಕೆಸರು ಕೆಳಗಿನ ಬಾಟಲಿಗೆ ಬರುತ್ತದೆ.

ಬಾಟಲಿಗಳನ್ನು ಪ್ರಯೋಗಾಲಯದಿಂದಲೇ ತನ್ನಿ. ಕೀಟನಾಶಕದ್ದಾಗಲಿ ತಂಪು ಪಾನೀಯದ್ದಾಗಲಿ ಎಷ್ಟು ತೊಳೆದರೂ ಬೇಡ. ಉಪ್ಪಿನಂಶಕ್ಕೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ ತುಂಬಿ. ಲೋಹಗಳಿಗೆ ಬೇರೆ ಬಾಟಲಿ. ಅದರಲ್ಲಿ ನೈಟ್ರಿಕ್ ಆಮ್ಲ ಇದ್ದು ಪಿಎಚ್ 2ಕ್ಕಿಂತ ಕೆಳಗೆ ಇರಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ವರದಿಯಲ್ಲಿ ಕಾಣೆಯಾಗುತ್ತದೆ. ಆಮ್ಲ ಹಾಕಿದ ಬಾಟಲಿಯನ್ನು ಕುಲುಕಿ ಚೆಲ್ಲಬೇಡಿ, ಕೈಗವಸು ಹಾಕಿಕೊಳ್ಳಿ. ಎಣ್ಣೆ, ಜಿಡ್ಡಿಗೆ ಗಾಜಿನ ಬಾಟಲಿಯೇ ಆಗಬೇಕು, ಬಕೆಟಿನಿಂದ ಸುರಿಯದೆ ನೇರವಾಗಿ ತುಂಬಬೇಕು. ಬಿಒಡಿ ನೋಡುವ ನೀರನ್ನು ಮಂಜುಗಡ್ಡೆಯಲ್ಲಿಟ್ಟು ಆದಷ್ಟು ಅದೇ ದಿನ ತಲುಪಿಸಿ; ಬಿಸಿಲಲ್ಲಿಟ್ಟರೆ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಅಂಕಿ ಕಡಿಮೆಯಾಗುತ್ತದೆ.

ಪ್ರತಿ ನೀರನ್ನೂ ಎರಡು ಜೊತೆ ಹಿಡಿದು, ಮುಚ್ಚಳದ ಮೇಲೆ ಕಾಗದ ಅಂಟಿಸಿ, ಊರಿನ ಇಬ್ಬರ ಸಹಿ ಹಾಕಿಸಿ. ದಿನಾಂಕ, ಗಂಟೆ, ಜಿಪಿಎಸ್, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನೂ ಬರೆಯಿರಿ. ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.

ವರದಿ ಓದುವುದು

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ ನೀರಾವರಿಗೆ ಇಸಿಯು ಪ್ರತಿ ಮೀಟರಿಗೆ 0.7 ಡೆಸಿಸೀಮೆನ್ಸ್ ಒಳಗಿದ್ದರೆ ತೊಂದರೆಯಿಲ್ಲ, 3 ದಾಟಿದರೆ ಬಹುತೇಕ ಬೆಳೆಗೆ ಕಷ್ಟ. ಆದರೆ ‘ಮಿತಿಯೊಳಗಿದೆ’ ಎಂಬ ಷರಾ ನೋಡಿ ಸುಮ್ಮನಾಗಬೇಡಿ. ಯಾವ ಬಳಕೆಯ ಮಿತಿ ಎಂದು ಕೇಳಿ. ಅದೇ ಮಾರ್ಗಸೂಚಿಯಲ್ಲಿ ಸೀಸಕ್ಕೆ ಲೀಟರಿಗೆ 5 ಮಿಲಿಗ್ರಾಂವರೆಗೆ ಅವಕಾಶವಿದೆ; ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 0.01. ಗಿಡಕ್ಕೆ ಹಾಯಿಸುವ ಬಾವಿಯ ನೀರನ್ನೇ ಮನೆಮಂದಿ ಕುಡಿಯುತ್ತಾರೆ ಎಂದಾದರೆ ಆ 500 ಪಟ್ಟಿನ ಅಂತರ ಮಕ್ಕಳ ಮೈಗೆ ಸೇರುತ್ತದೆ. ಸೀಸದ ಅನುಮಾನವಿದ್ದರೆ ಮಕ್ಕಳ ರಕ್ತಪರೀಕ್ಷೆಯನ್ನು ಮುಂದೂಡಲೇಬೇಡಿ.

ಮಣ್ಣು ಮತ್ತು ಕಾಳು

ಹೊಲದಲ್ಲಿ ಅಂಕುಡೊಂಕಾಗಿ ನಡೆದು 10–15 ಕಡೆ, ಮೇಲಿನ 15 ಸೆಂ.ಮೀ. ಮಣ್ಣು ತೆಗೆದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆರೆಸಿ, ಅರ್ಧ ಕಿಲೋ ಉಳಿಸಿ ನೆರಳಿನಲ್ಲಿ ಒಣಗಿಸಿ. ಸತು ಲೇಪಿಸಿದ ಸಲಕರಣೆ ಬಳಸಿದರೆ ಸತುವಿನ ಅಂಕಿ ಕೆಡುತ್ತದೆ. ನೀರು ಒಳಬರುವ ಮೂಲೆಯ ಮಣ್ಣನ್ನು ಬೇರೆಯೇ ಇಡಿ. ಕೆಸರಿನೊಂದಿಗೆ ಬರುವ ಲೋಹ ಹೆಚ್ಚಾಗಿ ತಂಗುವುದು ಅಲ್ಲಿ. ಇಡೀ ಗದ್ದೆಯ ಮಣ್ಣಿನಲ್ಲಿ ಬೆರೆಸಿದರೆ ಆ ಅಂಕಿ ಕರಗಿಹೋಗುತ್ತದೆ.

ಭತ್ತವಿದ್ದರೆ ಅಕ್ಕಿಯನ್ನೂ ಪರೀಕ್ಷಿಸಿ. ಕ್ಯಾಡ್ಮಿಯಂ ಸೇರಿದ ಪೈರು ನೋಡಲು ಆರೋಗ್ಯವಾಗಿಯೇ ಇರಬಹುದು. ಪಾಲಿಶ್ ಅಕ್ಕಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕಿಲೋಗೆ 0.4 ಮಿಲಿಗ್ರಾಂ. ತೆನೆ ಹೊರಡುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಂತೇ ಇರುವಂತೆ ನೋಡಿಕೊಂಡರೆ ಕ್ಯಾಡ್ಮಿಯಂ ಕಡಿಮೆ ಏರುತ್ತದೆ, ಆದರೆ ಆರ್ಸೆನಿಕ್ ಹೆಚ್ಚು ಏರುತ್ತದೆ. ಹಾಗಾಗಿ ಮಣ್ಣಿನಲ್ಲಿ ಯಾವುದಿದೆ ಎಂದು ತಿಳಿಯದೆ ಈ ಉಪಾಯಕ್ಕೆ ಕೈಹಾಕಬೇಡಿ.

ನಷ್ಟದ ಪುಸ್ತಕ

ಪ್ರತಿ ಬೆಳೆಯ ಇಳುವರಿ, ಗರ್ಭ ಕಳೆದುಕೊಂಡ ದನ, ತುಕ್ಕು ಹಿಡಿದ ಪಂಪ್, ಕೊಂಡ ಕುಡಿಯುವ ನೀರು, ಆಸ್ಪತ್ರೆ ಖರ್ಚು, ಕೆಲಸ ತಪ್ಪಿದ ದಿನಗಳು: ಎಲ್ಲವನ್ನೂ ಆಯಾ ದಿನವೇ ಬರೆದು ರಸೀದಿ ಅಂಟಿಸಿ. ದೂರದಿಂದ ನೀರು ಹೊರುವ ಹೆಂಗಸರ ಹೊತ್ತು ಯಾವ ಪರಿಹಾರದ ಪಟ್ಟಿಯಲ್ಲೂ ತಾನಾಗಿ ಬರುವುದಿಲ್ಲ. ಅದನ್ನು ಗಂಟೆಗಳಲ್ಲಿ ಬರೆಯಿರಿ.

ಒಪ್ಪಂದಕ್ಕೆ ಕೂತಾಗ

ಹಣವೊಂದನ್ನೇ ಕೇಳಬೇಡಿ. ಜಪಾನಿನ ಜಿಂಜೂ ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳಿಗೆ ಸೇರಿ, ಮೂಳೆ ಮುರಿಯುವ ಇತಾಯಿ-ಇತಾಯಿ ರೋಗ ಬಂತು. 1972ರಲ್ಲಿ ಮೊಕದ್ದಮೆ ಗೆದ್ದ ಜನ, ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕನ್ನು, ಅದರ ವೆಚ್ಚ ಕಂಪನಿಯದೇ ಎಂಬ ಷರತ್ತಿನೊಂದಿಗೆ ಬರೆಸಿಕೊಂಡರು. ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ನಿಮ್ಮ ಒಪ್ಪಂದದಲ್ಲೂ ಮೂರು ಬರೆಸಿ: ಮುನ್ಸೂಚನೆಯಿಲ್ಲದೆ ಒಳಹೊಕ್ಕು ತ್ಯಾಜ್ಯನೀರು ಹಿಡಿಯುವ ಹಕ್ಕು, ರೈತರೇ ಆರಿಸಿದ ಪ್ರಯೋಗಾಲಯ, ಕಾರ್ಖಾನೆ ಮುಚ್ಚಿದ ಮೇಲೂ ಮಣ್ಣು ಸರಿಪಡಿಸುವುದಕ್ಕೆಂದು ಮೊದಲೇ ತೆಗೆದಿಟ್ಟ ಠೇವಣಿ.