ಪೆಡಲ್ ಸ್ಟೀಲ್‌ಗೆ ಮಲ್ಟಿ ಎಫೆಕ್ಟ್ಸ್: ಎಲ್ಲ ನಿಂತಿರೋದು ವಾಲ್ಯೂಮ್ ಪೆಡಲ್ ಮೇಲೆ

ಹಲವು ಎಫೆಕ್ಟ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುವ ಯಂತ್ರವೇ ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್. ಅದನ್ನು ಮಾಡುವವರ ಮನಸ್ಸಿನಲ್ಲಿ ಇರುವುದು ನಿಂತುಕೊಂಡು ಗಿಟಾರ್ ನುಡಿಸುವ ಮನುಷ್ಯ. ಅವನ ಎರಡು ಕಾಲೂ ಖಾಲಿ. ಬೇಕಾದಾಗ ಒಂದು ಸ್ವಿಚ್ ತುಳಿದರೆ ಆಯಿತು. ಪೆಡಲ್ ಸ್ಟೀಲ್ ನುಡಿಸುವವರ ಪಾಡು ಬೇರೆ. ಅದು ಮಲಗಿಸಿಟ್ಟ ಗಿಟಾರ್; ಕೂತುಕೊಂಡು, ತಂತಿಗಳ ಮೇಲೆ ಲೋಹದ ಬಾರ್ ಜಾರಿಸಿ, ಪೆಡಲ್ ಮತ್ತು ಮೊಣಕಾಲ ಲಿವರ್‌ಗಳಿಂದ ತಂತಿಯ ಸ್ವರ ಬದಲಿಸುತ್ತಾ ನುಡಿಸುವುದು. ಎಡಗಾಲು ಎ, ಬಿ, ಸಿ ಪೆಡಲ್‌ಗಳ ಮೇಲೆ, ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ, ಎರಡು ಮೊಣಕಾಲೂ ಲಿವರ್‌ಗಳ ಪಕ್ಕದಲ್ಲಿ. ಎಡಗೈಯಲ್ಲಿ ಬಾರ್, ಬಲಗೈ ಬೆರಳುಗಳಿಗೆ ಪಿಕ್. ಸ್ವಿಚ್ ಒತ್ತಲು ಉಳಿದಿರೋದು ಮೂಗು ಮಾತ್ರ.

ಹಾಗಾಗಿ ನನ್ನ ಪ್ರೊಸೆಸರ್ ನೆಲದ ಮೇಲೆ ಕೂರುವುದಿಲ್ಲ. ಒಂದು ಮೈಕ್ ಸ್ಟ್ಯಾಂಡಿಗೆ ಸಣ್ಣ ಟ್ರೇ ಬಿಗಿದು, ನನ್ನ ಬಲಬದಿಗೆ, ಕೈಗೆಟುಕುವ ಎತ್ತರದಲ್ಲಿ ಇಟ್ಟುಕೊಂಡಿದ್ದೇನೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಪಿಕ್ ಇರುತ್ತದೆ, ಉಂಗುರ ಬೆರಳಿಗೆ ಇರುವುದಿಲ್ಲ. ಸ್ವಿಚ್ ಒತ್ತುವುದು ಆ ಬೆರಳಿನಲ್ಲೇ. ಟಚ್ ಸ್ಕ್ರೀನ್ ಇರುವ ಯಂತ್ರ ಕೊಳ್ಳುವ ಆಸೆ ಇದ್ದರೆ ಇದನ್ನು ನೆನಪಿಡಿ: ಲೋಹದ ಪಿಕ್ ಹಾಕಿದ ಬೆರಳು ಪರದೆಯ ಮೇಲೆ ಗೀರು ಎಳೆಯುತ್ತದೆ. ನನಗಂತೂ ಗಟ್ಟಿ ಗುಂಡಿ, ತಿರುಗಿಸುವ ನಾಬ್ ಇರುವ ಯಂತ್ರವೇ ಸರಿ.

ಹಾಡಿನ ನಡುವೆ ಪ್ರೀಸೆಟ್ (ಮೊದಲೇ ಉಳಿಸಿಟ್ಟ ಸೆಟ್ಟಿಂಗ್) ಬದಲಿಸುವ ಆಸೆಯನ್ನೂ ಬಿಟ್ಟಿದ್ದೇನೆ. ಒಂದು ಹಾಡಿಗೆ ಒಂದೇ ಪ್ರೀಸೆಟ್. ಉಳಿದ ಏರಿಳಿತವನ್ನೆಲ್ಲ ಬಲಗಾಲು ನೋಡಿಕೊಳ್ಳುತ್ತದೆ.

ಈಗ ಆ ಬಲಗಾಲಿನ ವಿಷಯಕ್ಕೆ ಬರೋಣ. ಸ್ಟೀಲ್‌ನಲ್ಲಿ ವಾಲ್ಯೂಮ್ ಪೆಡಲ್ ಇರುವುದು ಬರೀ ಸದ್ದು ಹೆಚ್ಚು ಕಡಿಮೆ ಮಾಡಲು ಅಲ್ಲ. ತಂತಿ ಮೀಟುವಾಗ ಪೆಡಲ್ ಸುಮಾರು ಅರ್ಧ ಮಾತ್ರ ತೆರೆದಿರುತ್ತದೆ. ಸ್ವರ ಸೊರಗುತ್ತಾ ಹೋದ ಹಾಗೆ ಪಾದ ಮೆಲ್ಲಗೆ ಮುಂದಕ್ಕೆ ಒತ್ತುತ್ತದೆ. ಸ್ಟೀಲ್‌ನ ಆ ಉದ್ದನೆಯ ನಾದ ಬರುವುದೇ ಹಾಗೆ. ಅಂದರೆ ಪ್ರೊಸೆಸರ್ ಬರುವ ಮೊದಲೇ ನಮ್ಮ ಕಾಲಡಿಯಲ್ಲಿ ಒಂದು ಎಫೆಕ್ಟ್ ಇದೆ. ಹೊಸದಾಗಿ ಬಂದದ್ದು ಅದಕ್ಕೆ ಹೊಂದಿಕೊಳ್ಳಬೇಕು, ಅದನ್ನು ಕೆಡಿಸಬಾರದು. ನನ್ನ ಸೆಟಪ್ ಪೂರ್ತಿ ನಿಂತಿರೋದು ಈ ಒಂದು ಮಾತಿನ ಮೇಲೆ.

ವಾಲ್ಯೂಮ್ ಪೆಡಲ್ ಅನ್ನು ಸಿಗ್ನಲ್ ದಾರಿಯಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟರೆ ರಿವರ್ಬ್ (ಕೋಣೆಯ ಅನುರಣನ), ಡಿಲೇ (ಪ್ರತಿಧ್ವನಿ) ಚೆನ್ನಾಗಿ ಕೆಲಸ ಮಾಡುತ್ತವೆ. ಕಾಲು ಹಿಂದಕ್ಕೆ ತೆಗೆದರೂ ಅವುಗಳ ಬಾಲ ತನ್ನ ಪಾಡಿಗೆ ತಾನು ಮುಗಿಯುತ್ತದೆ. ಆದರೆ ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಹಾಕಿದರೆ ತೊಂದರೆ ಶುರು. ಪೆಡಲ್ ಅರ್ಧ ಇದ್ದಾಗ ಸದ್ದು ಸ್ವಚ್ಛ, ಪೂರ್ತಿ ತೆರೆದಾಗ ಒರಟು. ಪಾದದ ಪ್ರತಿ ಚಲನೆಗೂ ಬಣ್ಣ ಬದಲಾಗುತ್ತದೆ. ಎಲ್ಲಕ್ಕಿಂತ ಕೊನೆಗೆ ಇಟ್ಟರೆ ಓವರ್‌ಡ್ರೈವ್ ಒಂದೇ ಸಮ ಇರುತ್ತದೆ, ಆದರೆ ಕಾಲು ತೆಗೆದ ತಕ್ಷಣ ರಿವರ್ಬ್ ಬಾಲವೂ ಕತ್ತರಿಸಿ ಹೋಗುತ್ತದೆ. ಕೇಳಲು ಬಹಳ ಕೆಟ್ಟದಾಗಿರುತ್ತದೆ.

ನಾನು ಇಡುವುದು ನಡುವೆ: ಓವರ್‌ಡ್ರೈವ್, ಆಂಪ್ ಮಾಡೆಲ್ (ಆಂಪ್ಲಿಫೈಯರ್‌ನ ಡಿಜಿಟಲ್ ನಕಲು) ಎಲ್ಲ ಮುಗಿದ ಮೇಲೆ, ಡಿಲೇ ಮತ್ತು ರಿವರ್ಬ್‌ಗೆ ಮೊದಲು. ಇದಕ್ಕೆ ಯಂತ್ರದಲ್ಲಿ ಸೆಂಡ್, ರಿಟರ್ನ್ (ಸಿಗ್ನಲ್ ಹೊರಗೆ ಕಳಿಸಿ ವಾಪಸ್ ತರುವ ಜ್ಯಾಕ್‌ಗಳು, ಇದೇ ಲೂಪ್) ಇರಲೇಬೇಕು. ಸೆಂಡ್‌ನಿಂದ ಪೆಡಲ್‌ಗೆ, ಪೆಡಲ್‌ನಿಂದ ರಿಟರ್ನ್‌ಗೆ. ಯಂತ್ರದೊಳಗೆ ಆ ಲೂಪ್ ಬ್ಲಾಕ್ ಅನ್ನು ಸರಿಯಾದ ಜಾಗಕ್ಕೆ ಎಳೆದು ಇಟ್ಟರೆ ಮುಗಿಯಿತು. ನನ್ನ ಕೇಳಿದರೆ, ಸ್ಟೀಲ್‌ಗೆ ಪ್ರೊಸೆಸರ್ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ. ಎಷ್ಟು ನೂರು ಎಫೆಕ್ಟ್ ಇವೆ ಅನ್ನುವುದು ಆಮೇಲಿನ ಮಾತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಟೀಲ್‌ನವರು ಬಳಸುವ ಮಾಮೂಲಿ ವಾಲ್ಯೂಮ್ ಪೆಡಲ್ ಒಳಗಿನ ಪಾಟ್ (ಸದ್ದು ನಿಯಂತ್ರಿಸುವ ರೆಸಿಸ್ಟರ್) 500 ಕಿಲೋಓಮ್‌ನದ್ದು. ಅದು ನೇರವಾಗಿ ಪಿಕಪ್‌ನಿಂದ ಬರುವ ಸಿಗ್ನಲ್‌ಗೆ ಲೆಕ್ಕ ಹಾಕಿ ಇಟ್ಟದ್ದು. ರಿಟರ್ನ್ ಇನ್‌ಪುಟ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಕಡಿಮೆ ಇರುವ ಯಂತ್ರದಲ್ಲಿ ಅದನ್ನು ಲೂಪ್‌ಗೆ ಹಾಕಿದರೆ ಪೆಡಲ್ ನಡೆ ಹಾಳಾಗುತ್ತದೆ. ಮುಕ್ಕಾಲು ದಾರಿವರೆಗೆ ಸದ್ದೇ ಇಲ್ಲ, ಕೊನೆಯ ತುದಿಯಲ್ಲಿ ಒಮ್ಮೆಗೇ ಧುಮ್ಮಿಕ್ಕುತ್ತದೆ. ಲೂಪ್‌ಗೆ 25 ಕಿಲೋಓಮ್‌ನ ಲೋ ಇಂಪೀಡೆನ್ಸ್ ಪೆಡಲ್ ಅಥವಾ ಒಳಗೆ ಬಫರ್ ಇರುವ ಆಕ್ಟಿವ್ ಪೆಡಲ್ ಒಳ್ಳೆಯದು. ನನ್ನದು ಆಕ್ಟಿವ್.

ಪ್ರೊಸೆಸರ್‌ಗೆ ಎಕ್ಸ್‌ಪ್ರೆಷನ್ ಪೆಡಲ್ (ಪಾದ ಎಲ್ಲಿದೆ ಅಂತ ಯಂತ್ರಕ್ಕೆ ತಿಳಿಸುವ ಪೆಡಲ್) ಹಾಕಿ, ಒಳಗಿನ ವಾಲ್ಯೂಮ್ ಬ್ಲಾಕ್ ಬಳಸಬಹುದಲ್ವಾ ಅಂತ ಕೇಳಬಹುದು. ಬಳಸಬಹುದು, ಕೇಬಲ್ ಕಡಿಮೆ ಆಗುತ್ತದೆ. ನನಗೆ ಮಾತ್ರ ಹಿಡಿಸಲಿಲ್ಲ. ಸಂಗೀತ ಯಂತ್ರಗಳ ಡಿಜಿಟಲ್ ಭಾಷೆಯಾದ ಮಿಡಿ ಲೆಕ್ಕದಲ್ಲಿ ಪೆಡಲ್‌ನ ಓಟ 0ಯಿಂದ 127ರವರೆಗೆ, ಅಂದರೆ ಒಟ್ಟು 128 ಮೆಟ್ಟಿಲು. ಆ ಲೆಕ್ಕದಲ್ಲಿ ನಡೆಯುವ ಹಳೆಯ ಯಂತ್ರಗಳಲ್ಲಿ ತೀರಾ ನಿಧಾನವಾಗಿ ಒತ್ತುವಾಗ ಆ ಮೆಟ್ಟಿಲು ಕಿವಿಗೆ ಗೊತ್ತಾಗುತ್ತದೆ. ಜೊತೆಗೆ ಬಹಳಷ್ಟು ಎಕ್ಸ್‌ಪ್ರೆಷನ್ ಪೆಡಲ್‌ಗಳು ಎತ್ತರ. ಅದರ ಮೇಲೆ ಪಾದ ಇಟ್ಟರೆ ಮೊಣಕಾಲು ಮೇಲೇರಿ ಲಿವರ್‌ಗೆ ತಾಗುತ್ತದೆ.

ಇನ್‌ಪುಟ್ ಕಡೆ ಬರೋಣ. ಸಾಮಾನ್ಯ ಸಿಂಗಲ್ ಕಾಯಿಲ್ ಗಿಟಾರ್ ಪಿಕಪ್‌ನ ಡಿಸಿ ರೆಸಿಸ್ಟೆನ್ಸ್ 6ರಿಂದ 8 ಕಿಲೋಓಮ್ ಆಸುಪಾಸು. ಸ್ಟೀಲ್ ಪಿಕಪ್‌ಗೆ ಸುತ್ತು ಜಾಸ್ತಿ, 15ರಿಂದ 20ರವರೆಗೂ ಹೋಗುತ್ತದೆ. ಹಾಗಾಗಿ ಸಿಗ್ನಲ್ ಬಲವಾಗಿರುತ್ತದೆ, ಇನ್‌ಪುಟ್ ಇಂಪೀಡೆನ್ಸ್ ಕಡಿಮೆ ಇದ್ದರೆ ಮೇಲಿನ ತಂತಿಗಳ ಹೊಳಪು ಬೇಗ ಸಾಯುತ್ತದೆ. ಆಯ್ಕೆ ಇದ್ದರೆ 1 ಮೆಗಾಓಮ್ ಇಡಿ. ಪೆಡಲ್ ಲೂಪ್‌ನಲ್ಲಿ ಇರುವುದರಿಂದ ಯಂತ್ರದ ಇನ್‌ಪುಟ್‌ಗೆ ಯಾವಾಗಲೂ ಪಿಕಪ್‌ನ ಪೂರ್ತಿ ಬಲವೇ ಬರುತ್ತದೆ, ಕಾಲು ಎಲ್ಲೇ ಇರಲಿ. ಅದಕ್ಕೆ ಹೆಬ್ಬೆರಳಿನಿಂದ ಕೆಳಗಿನ ತಂತಿ, ಜೊತೆಗೆ ಮೇಲಿನ ಎರಡು, ಮೂರನ್ನೂ ಒಟ್ಟಿಗೆ ಜೋರಾಗಿ ಮೀಟಿ, ಸಿಗ್ನಲ್ ಮಿತಿ ಮೀರಿದರೆ ಹೊತ್ತುವ ಕ್ಲಿಪ್ ದೀಪ ನೋಡುತ್ತೇನೆ. ಕೆಂಪು ಮಿನುಗಿದರೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಹಾಕುತ್ತೇನೆ. ಡಿಜಿಟಲ್ ಕ್ಲಿಪ್ಪಿಂಗ್ ಟ್ಯೂಬ್ ಆಂಪ್‌ನ ಹಾಗೆ ಮುದ್ದಾಗಿ ಒಡೆಯುವುದಿಲ್ಲ, ಚಟಪಟ ಅನ್ನುತ್ತದೆ.

ಫ್ಯಾಕ್ಟರಿ ಪ್ರೀಸೆಟ್ ತೆರೆದಾಗ ನಾನು ಮೊದಲು ಮಾಡುವ ಕೆಲಸ ಆಫ್ ಮಾಡುವುದು. ನಾಯ್ಸ್ ಗೇಟ್ ಆಫ್. ಸೊನ್ನೆಯಿಂದ ಉಬ್ಬಿ ಬರುವ ಸ್ವರವನ್ನು, ಮೆಲ್ಲಗೆ ಕರಗುವ ಸ್ವರವನ್ನು ಗೇಟ್ ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ. ಕಂಪ್ರೆಸರ್ ಆಫ್. ಸದ್ದಿನ ಏರಿಳಿತ ಸಮ ಮಾಡುವ ಅದರ ಕೆಲಸವನ್ನು ಪಾದ ಆಗಲೇ ಮಾಡುತ್ತಿದೆ. ಎರಡೂ ಸೇರಿದರೆ ಮೀಟಿನ ಚುರುಕು ಹೋಗಿ, ಬಾರ್ ತಂತಿಯ ಮೇಲೆ ಉಜ್ಜುವ ಸದ್ದು ಮೇಲೆ ಬರುತ್ತದೆ. ನುಡಿಸಿದ ಸ್ವರಕ್ಕೆ ಇನ್ನೊಂದು ಸ್ವರ ಸೇರಿಸುವ ಹಾರ್ಮನೈಸರ್ ಬೇಡವೇ ಬೇಡ. ಎರಡು ಸ್ವರ ಒಟ್ಟಿಗೆ ಜಾರುವಾಗ ಅದಕ್ಕೆ ತಲೆಬುಡ ತಿಳಿಯುವುದಿಲ್ಲ.

ಉಳಿಯುವುದು ಡಿಲೇ ಮತ್ತು ರಿವರ್ಬ್. ನನ್ನ ಸಮಯ ಜಾಸ್ತಿ ಹೋಗಿರುವುದು ಇವೆರಡರ ಮೇಲೆ.

ಫ್ರೆಟ್ ಗಿಟಾರ್‌ನಲ್ಲಿ ಡಿಲೇ ಹಿಂದಿನ ಸ್ವರವನ್ನು ಮತ್ತೆ ಹೇಳಿದರೆ ಸಾಮಾನ್ಯವಾಗಿ ಆ ಸ್ವರ ಸ್ಕೇಲ್‌ನೊಳಗೇ ಇರುತ್ತದೆ. ಸ್ಟೀಲ್‌ನಲ್ಲಿ ಬಾರ್ ಜಾರುತ್ತಿರುತ್ತದೆ. ನೀವು ಮೇಲಿನ ಸ್ವರ ತಲುಪಿದಾಗ ಡಿಲೇ ಇನ್ನೂ ದಾರಿಯ ನಡುವಿನ, ಯಾವ ಸ್ವರವೂ ಅಲ್ಲದ ಸದ್ದನ್ನು ವಾಪಸ್ ಕೊಡುತ್ತಿರುತ್ತದೆ. ಎರಡೂ ಸೇರಿ ಶ್ರುತಿ ತಪ್ಪಿದ ಹಾಗೆ ಕೇಳುತ್ತದೆ. ಕೇಳುವವರು ಅಂದುಕೊಳ್ಳುವುದು ಬಾರ್ ಸರಿಯಾದ ಜಾಗಕ್ಕೆ ಬಂದಿಲ್ಲ ಅಂತ! ಇದಕ್ಕೆ ನನ್ನ ಪರಿಹಾರ: ಸಮಯ 350 ಮಿಲಿಸೆಕೆಂಡ್ ಹತ್ತಿರ, ರಿಪೀಟ್ ಎರಡಕ್ಕಿಂತ ಹೆಚ್ಚು ಇಲ್ಲ, ಮಿಕ್ಸ್ 15 ಶೇಕಡಾ ಸುತ್ತಮುತ್ತ, ಮತ್ತು ಹೈ ಕಟ್ 3 ಕಿಲೋಹರ್ಟ್ಸ್‌ಗೆ. ಮಂಕಾದ ರಿಪೀಟ್ ಹಿಂದೆ ಸರಿದು ನಿಲ್ಲುತ್ತದೆ. ಡಕಿಂಗ್ ಡಿಲೇ ಇದ್ದರೆ ಇನ್ನೂ ಒಳ್ಳೆಯದು. ನುಡಿಸುತ್ತಿರುವಾಗ ಅದು ತಗ್ಗಿರುತ್ತದೆ, ನಿಲ್ಲಿಸಿದಾಗ ಮೇಲೆ ಬರುತ್ತದೆ.

ರಿವರ್ಬ್‌ನಲ್ಲಿ ಬೇರೆ ಕಥೆ. ಸ್ಟೀಲ್‌ನಲ್ಲಿ ಬ್ಲಾಕಿಂಗ್ ಅಂದರೆ ಅರ್ಧ ವಿದ್ಯೆ. ಮುಂದಿನ ತಂತಿ ಮೀಟುವ ಮೊದಲು ಹಿಂದಿನದನ್ನು ಅಂಗೈ ಬದಿಯಿಂದಲೋ ಪಿಕ್‌ನಿಂದಲೋ ಸುಮ್ಮನಾಗಿಸುತ್ತೇವೆ. ಅಷ್ಟು ಕಷ್ಟಪಟ್ಟು ಮಾಡಿದ ಆ ಪುಟ್ಟ ಖಾಲಿ ಜಾಗಕ್ಕೆ ರಿವರ್ಬ್ ಬಂದು ತುಂಬಿಕೊಳ್ಳುತ್ತದೆ. ಪ್ರೀಡಿಲೇ 40 ಮಿಲಿಸೆಕೆಂಡ್ ಇಟ್ಟರೆ ಮೀಟಿನ ಚುರುಕು ಮೊದಲು ಬಂದು, ಆಮೇಲೆ ರಿವರ್ಬ್ ಹಿಂಬಾಲಿಸುತ್ತದೆ. ವೇಗದ ಹಾಡಿಗೆ ಚಿಕ್ಕ ಪ್ಲೇಟ್, ನಿಧಾನದ್ದಕ್ಕೆ 2 ಸೆಕೆಂಡ್ ಆಸುಪಾಸಿನ ಹಾಲ್.

ತಗ್ಗಿನ ಸದ್ದನ್ನು ಕತ್ತರಿಸುವ ಲೋ ಕಟ್ ಮರೆಯಬೇಡಿ. ಇ9 ಟ್ಯೂನಿಂಗ್‌ನಲ್ಲಿ ಅತಿ ಕೆಳಗಿನ 10ನೇ ತಂತಿ ಬಿ, ಸುಮಾರು 123 ಹರ್ಟ್ಸ್. ಅದಕ್ಕಿಂತ ಕೆಳಗೆ ರಿವರ್ಬ್‌ಗೆ ಹೋಗಬೇಕಾದ ಸ್ವರ ಯಾವುದೂ ಇಲ್ಲ, ಪೆಡಲ್ ತುಳಿದ ಧಡ್ ಸದ್ದು ಮಾತ್ರ ಇದೆ. ನಾನು ರಿವರ್ಬ್‌ನ ಲೋ ಕಟ್ ಅನ್ನು 180 ಹರ್ಟ್ಸ್‌ಗೆ ಇಡುತ್ತೇನೆ. ಸಿ6 ಅನ್ನುವ ಇನ್ನೊಂದು ಟ್ಯೂನಿಂಗ್‌ನ ನೆಕ್‌ನಲ್ಲಿ ಕೆಳಗಿನ ಸಿ 65 ಹರ್ಟ್ಸ್‌ವರೆಗೆ ಇಳಿಯುತ್ತದೆ. ಅಲ್ಲಿ ಲೋ ಕಟ್ ಇಲ್ಲದೆ ಹಾಲ್ ರಿವರ್ಬ್ ಹಾಕಿದರೆ ಬಾಸ್ ಗಿಟಾರ್‌ನವರು ನಿಮ್ಮನ್ನು ದುರುಗುಟ್ಟಿ ನೋಡುತ್ತಾರೆ.

ಓವರ್‌ಡ್ರೈವ್ ನಾನು ಕಡಿಮೆ ಬಳಸುತ್ತೇನೆ, ಆದರೆ ಅದು ಕಲಿಸಿದ ಒಂದು ಪಾಠ ಹೇಳಲೇಬೇಕು. ಇ ಮತ್ತು ಜಿ ಶಾರ್ಪ್ ತಂತಿಗಳನ್ನು ಒಟ್ಟಿಗೆ ಮೀಟಿ ಓವರ್‌ಡ್ರೈವ್ ಹಾಕಿ ನೋಡಿ. ಜಿ ಶಾರ್ಪ್ ಅನ್ನು ಟ್ಯೂನರ್ ಸೊನ್ನೆಗೆ ತಂದಿದ್ದರೆ ಸದ್ದು ಗರಗರ ಅಂತ ಒಡೆಯುತ್ತದೆ. ಅದನ್ನೇ ಸುಮಾರು 14 ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಇಳಿಸಿ. ಗರಗರ ನಿಂತು, ಕೆಳಗೆ ಎರಡು ಆಕ್ಟೇವ್ ಆಳದಲ್ಲಿ ಇನ್ನೊಂದು ಇ ಕೇಳಿಸುತ್ತದೆ. ಎರಡು ಸ್ವರಗಳ ಅನುಪಾತ ಆಗ 5ಕ್ಕೆ 4, ಅವುಗಳ ವ್ಯತ್ಯಾಸವೇ ಆ ಆಳದ ಸ್ವರ. ಸ್ಟೀಲ್‌ನವರು ಕಾರ್ಡ್‌ನ ಮೂರನೇ ಸ್ವರವನ್ನು (ಇ ಕಾರ್ಡ್‌ನಲ್ಲಿ ಜಿ ಶಾರ್ಪ್) ಇಳಿಸಿ ಶ್ರುತಿ ಮಾಡುವುದು ಹಳೆಯ ಅಭ್ಯಾಸ. ಪ್ರೊಸೆಸರ್‌ನ ಟ್ಯೂನರ್‌ಗೆ ಮಾತ್ರ ಇದು ಗೊತ್ತಿಲ್ಲ. ಸೆಂಟ್ಸ್ ತೋರಿಸುವ ಮೋಡ್ ಇದ್ದರೆ ಅದನ್ನು ಆರಿಸಿ, ಜಿ ಶಾರ್ಪ್ ಎಲ್ಲಿ ನಿಲ್ಲಬೇಕು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಟ್ಟಿಗೆ ಎಲ್ಲ ತಂತಿ ನೋಡುವ ಪಾಲಿಫೋನಿಕ್ ಟ್ಯೂನರ್ ಆರು ತಂತಿಯವರಿಗೆ ಮಾಡಿದ್ದು, ಹತ್ತು ತಂತಿಯ ನಮಗಲ್ಲ.

ಆಂಪ್ ಮಾಡೆಲ್ ಬೇಕೋ ಬೇಡವೋ ಅನ್ನುವುದು ಸಿಗ್ನಲ್ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಸ್ಟೀಲ್ ಆಂಪ್‌ಗೆ ಹೋಗುವುದಾದರೆ ಆಂಪ್ ಮಾಡೆಲ್, ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯ ನಕಲು) ಎರಡೂ ಆಫ್. ಇಲ್ಲದಿದ್ದರೆ ಎರಡೆರಡು ಸ್ಪೀಕರ್ ಒಳಗಿಂದ ಹಾದು ಬಂದ ಹಾಗೆ ಸದ್ದು ಮುಚ್ಚಿಕೊಳ್ಳುತ್ತದೆ. ನೇರವಾಗಿ ಮಿಕ್ಸರ್‌ಗೆ ಹೋಗುವುದಾದರೆ ಕ್ಯಾಬ್ ಬೇಕೇ ಬೇಕು. ಯಂತ್ರದಲ್ಲಿ ಬರುವ ಕ್ಯಾಬ್‌ಗಳು ಹೆಚ್ಚಾಗಿ 12 ಇಂಚಿನವು, ರಾಕ್ ಗಿಟಾರ್ ಮನಸ್ಸಿನಲ್ಲಿಟ್ಟು ಮಾಡಿದವು. ಪೀವಿ ನ್ಯಾಶ್‌ವಿಲ್ 400 ತರಹದ ಸ್ಟೀಲ್ ಆಂಪ್‌ನಲ್ಲಿ ಇರುವುದು 15 ಇಂಚಿನ ಸ್ಪೀಕರ್. ಹಾಗಾಗಿ ಸ್ವಚ್ಛ ಅಮೆರಿಕನ್ ಆಂಪ್ ಮಾಡೆಲ್, ಅದರ ಜೊತೆ 15 ಇಂಚಿನ ಸ್ಪೀಕರ್‌ನ ಐಆರ್ (ಸ್ಪೀಕರ್‌ನ ಧ್ವನಿ ಗುಣ ದಾಖಲಿಸಿದ ಫೈಲ್) ಹಾಕಿ. ಆಮೇಲೆ ಪ್ಯಾರಾಮೆಟ್ರಿಕ್ ಇಕ್ಯೂನಲ್ಲಿ 800 ಹರ್ಟ್ಸ್ ಹತ್ತಿರ ಕೆಲವು ಡೆಸಿಬೆಲ್ ಇಳಿಸಿ. ಸ್ಟೀಲ್‌ಗೆ ಮೂಗಿನಿಂದ ಹಾಡಿದ ಹಾಗಿನ ಗುಣ ಬರುವುದು ಅಲ್ಲಿಂದಲೇ. ನ್ಯಾಶ್‌ವಿಲ್ 400ರಲ್ಲಿ ಮಿಡ್ ಶಿಫ್ಟ್ ಅನ್ನು 800ಕ್ಕೆ ಇಟ್ಟು ಮಿಡ್ ಕಡಿಮೆ ಮಾಡುವ ರೂಢಿ ಸ್ಟೀಲ್‌ನವರಲ್ಲಿ ಬಹಳ ಹಿಂದಿನಿಂದ ಇದೆ.

ಇಷ್ಟೆಲ್ಲ ಹೇಳಿದ ಮೇಲೆ, ಸ್ಟೀಲ್‌ಗೆ ಎಫೆಕ್ಟ್ ಯಾಕೆ ಅಂತ ಮುಖ ಕಿವಿಚುವವರಿಗೆ ಒಂದು ಮಾತು. ಸ್ಟೀಲ್ ವಾದಕ ಪೀಟ್ ಡ್ರೇಕ್ 1964ರಲ್ಲೇ ಬಾಯಿಗೆ ಟ್ಯೂಬ್ ಇಟ್ಟುಕೊಂಡು ಸ್ಟೀಲ್ ಅನ್ನು ಮಾತಾಡಿಸಿದ್ದರು. ಇನ್ನೊಬ್ಬ ಸ್ಟೀಲ್ ವಾದಕ ರಾಬರ್ಟ್ ರ‍್ಯಾಂಡಾಲ್ಫ್ ಓವರ್‌ಡ್ರೈವ್ ಹಾಕಿ ನುಡಿಸಿದರೆ ಯಾರೂ ಬೇಡ ಅನ್ನುವುದಿಲ್ಲ.

ಕೊನೆಗೆ ಲೆವೆಲ್. ಎಲ್ಲ ಪ್ರೀಸೆಟ್‌ಗಳ ಸದ್ದನ್ನೂ ನಾನು ಪೆಡಲ್ ಅರ್ಧ ತೆರೆದಿಟ್ಟೇ ಸಮ ಮಾಡುತ್ತೇನೆ. ಪೂರ್ತಿ ತೆರೆದು ಸಮ ಮಾಡಿದರೆ ಮುಂದೆ ಒತ್ತಲು ಜಾಗವೇ ಇರುವುದಿಲ್ಲ. ಮನೆಯಲ್ಲಿ ಮೆಲ್ಲಗೆ ಕೇಳಿ ಇಟ್ಟ ರಿವರ್ಬ್ ಬ್ಯಾಂಡ್ ಜೊತೆ ಯಾವಾಗಲೂ ಜಾಸ್ತಿಯೇ ಆಗುತ್ತದೆ, ಅಲ್ಲಿ ಹೋಗಿ ಸ್ವಲ್ಪ ಇಳಿಸುತ್ತೇನೆ. ಬ್ಯಾಗ್‌ನಲ್ಲಿ ಒಂದು ಕೇಬಲ್ ಹೆಚ್ಚಿಗೆ ಇರುತ್ತದೆ. ಪ್ರೊಸೆಸರ್ ಕೈಕೊಟ್ಟರೆ ಗಿಟಾರ್‌ನಿಂದ ವಾಲ್ಯೂಮ್ ಪೆಡಲ್‌ಗೆ, ಅಲ್ಲಿಂದ ನೇರ ಆಂಪ್‌ಗೆ. ಪೆಡಲ್ ಆಕ್ಟಿವ್ ಆಗಿರುವುದರಿಂದ ಅದು ಪಿಕಪ್‌ಗೂ ಸರಿ, ಲೂಪ್‌ಗೂ ಸರಿ. ರಿವರ್ಬ್‌ಗೆ ಆಂಪ್‌ನ ಸ್ಪ್ರಿಂಗ್ ಸಾಕು.